ಮೇಷ್ಟ್ರು ನೋಡುತ್ತಿದ್ದ ಕಡೆ

ಗೋಡೆಗೆ ಅಂಟಿಸಿದ್ದ ಕೆಂಪು ಟೇಪನ್ನು ಮೇಷ್ಟ್ರು ನೋಡಲೇ ಇಲ್ಲ.

ದೃಶ್ಯ ಸರಳವಾಗಿತ್ತು. ಕೊಬ್ಬರಿ ವ್ಯಾಪಾರಿಯೊಬ್ಬ ಒಬ್ಬನೇ ಊಟಕ್ಕೆ ಕೂತಿದ್ದಾನೆ. ತೀರಿಹೋದ ಹೆಂಡತಿ ಎದುರಿನ ಗೋಡೆಗೆ ಒರಗಿಕೊಂಡು ಕೂತಿದ್ದಾಳೆ ಅಂತ ಅವನಿಗೆ ಅನ್ನಿಸುತ್ತದೆ. ಸಿನಿಮಾ ನೋಡುವವರಿಗೆ ಹೆಂಡತಿ ಕಾಣುವುದಿಲ್ಲ, ಅವನು ನೋಡುವುದಷ್ಟೇ ಕಾಣುತ್ತದೆ. ಇಂಥ ಶಾಟಿನಲ್ಲಿ ನಟನ ಕಣ್ಣು ನಿಲ್ಲಬೇಕಾದ ಕಡೆ ಒಂದು ಗುರುತು ಹಾಕುವುದು ರೂಢಿ. ಕೂತ ಹೆಂಗಸಿನ ಮುಖದ ಎತ್ತರ ನೋಡಿಕೊಂಡು ನಾನೇ ಟೇಪು ಅಂಟಿಸಿದ್ದೆ. ಮೇಷ್ಟ್ರು ಅದಕ್ಕಿಂತ ಮೊಳದಷ್ಟು ಕೆಳಗೆ ನೋಡಿದರು. ಆಮೇಲೆ ಅವರ ಕಣ್ಣು ನಿಧಾನವಾಗಿ ಗೋಡೆಯುದ್ದಕ್ಕೂ ಸರಿದು ಬಾಗಿಲಿನವರೆಗೆ ಹೋಗಿ ನಿಂತಿತು.

"ಕಟ್," ಅಂದೆ. "ಮೇಷ್ಟ್ರೇ, ಟೇಪು ಇಲ್ಲಿದೆ."

"ಅಲ್ಲಿ ಯಾರೂ ಇಲ್ವಲ್ಲಮ್ಮ," ಅಂದರು. "ಇಲ್ಲಿ ಕೂತಿದ್ವು. ಈಗ ಎದ್ದು ಹೋದ್ವು."

ಎಲ್ಲರೂ ನಕ್ಕೆವು. ಕ್ಯಾಮೆರಾಮನ್ ಮಾತ್ರ ನಗಲಿಲ್ಲ. ಆ ಶಾಟನ್ನು ಸಣ್ಣ ಮಾನಿಟರಿನಲ್ಲಿ ಮತ್ತೆ ಓಡಿಸಿ ನೋಡಿ, "ಟೇಪು ಕಿತ್ತಾಕಿ ಮೇಡಂ. ಅವರು ನೋಡಿದ್ದೇ ಸರಿ," ಅಂದ. ಕಿತ್ತು ಹಾಕಿದೆ.

ಮೇಷ್ಟ್ರು ಅರಸೀಕೆರೆಯವರು, ಎಪ್ಪತ್ತರ ಹತ್ತಿರದವರು. ಸುತ್ತಮುತ್ತಲ ಹಳ್ಳಿಗಳಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಪೌರಾಣಿಕ ನಾಟಕ ಕಲಿಸಿದವರು. ಅದಕ್ಕೇ ಎಲ್ಲರಿಗೂ ಮೇಷ್ಟ್ರು. ಧಾರಾವಾಹಿಗಳಲ್ಲಿ ಪುರೋಹಿತ, ಜಡ್ಜು, ತಾತ ಅಂತ ಬಂದುಹೋಗುವ ಪಾತ್ರ ಮಾಡಿದ್ದರು. ಪೂರ್ತಿ ಸಿನಿಮಾ ಹೊರುವ ಪಾತ್ರ ಇದೇ ಮೊದಲು. ನಾನು ನಿರ್ದೇಶಿಸುವುದೂ ಅದೇ ಮೊದಲು.

ನಮ್ಮ ಲೊಕೇಶನ್ ಹಳೇಬೀಡಿನಿಂದ ಜಾವಗಲ್ ಕಡೆಗೆ ಹೋಗುವ ರಸ್ತೆಯಲ್ಲಿ, ತೆಂಗಿನ ತೋಟದ ನಡುವಿನ ಒಂದು ಹೆಂಚಿನ ಮನೆ. ಮನೆಯವರು ಮುಂದುಗಡೆ ತಾರಸಿ ಮನೆ ಕಟ್ಟಿಕೊಂಡು ಅಲ್ಲಿಗೆ ಹೋಗಿದ್ದರು. ಹಳೆಯದರಲ್ಲಿ ಕಾಯಿ ಮಾತ್ರ ಇತ್ತು. ಅಡುಗೆಮನೆಯ ಮೇಲಿನ ಅಟ್ಟದ ತುಂಬ ವರ್ಷಗಟ್ಟಲೆ ಒಣಗಲು ಬಿಟ್ಟ ತೆಂಗಿನಕಾಯಿ. ಒಣಗುತ್ತಾ ಒಣಗುತ್ತಾ ಒಳಗಿನ ಕೊಬ್ಬರಿ ಗಿಟುಕು ಕರಟ ಬಿಟ್ಟುಕೊಳ್ಳುತ್ತದೆ. ಆಮೇಲೆ ಇಲಿ ಓಡಾಡಿದರೂ ಸಾಕು, ಯಾರೋ ಮೇಲೆ ಮಲಗಿದವರು ಮಗ್ಗುಲು ಬದಲಿಸಿದ ಹಾಗೆ ಗುಡುಗುಡು ಶಬ್ದ. ಆ ಶಬ್ದ ಕೇಳಿಯೇ ನಾನು ಕಥೆ ಬರೆದದ್ದು. ವ್ಯಾಪಾರಿಗೆ ಹೆಂಡತಿ ಅಟ್ಟದ ಮೇಲೆ ಇದ್ದಾಳೆ ಅನ್ನಿಸುತ್ತದೆ. ಜೊತೆಗಿರುವ ಸೊಸೆಗೆ ಮಾವನಿಗೆ ಬುದ್ಧಿ ಕೆಟ್ಟಿದೆ ಅನ್ನಿಸುತ್ತದೆ. ಯಾರು ಸರಿ ಅಂತ ಸಿನಿಮಾ ಹೇಳುವುದಿಲ್ಲ. ಪ್ರತಿ ಶಾಟೂ ಹುಚ್ಚು ಅಂದರೆ ಹುಚ್ಚು, ದೆವ್ವ ಅಂದರೆ ದೆವ್ವ, ಎರಡಕ್ಕೂ ಒಪ್ಪಬೇಕು ಅನ್ನುವುದು ನಮ್ಮ ನಿಯಮ. ಒಂದನ್ನೇ ಸಾಬೀತು ಮಾಡುವ ಶಾಟು ಎಷ್ಟೇ ಚೆನ್ನಾಗಿದ್ದರೂ ಬೇಡ ಅಂತ ಕ್ಯಾಮೆರಾಮನ್ನೂ ನಾನೂ ಮೊದಲೇ ಮಾತಾಡಿಕೊಂಡಿದ್ದೆವು.

ಬಾಡಿಗೆ ಕ್ಯಾಮೆರಾ ಒಂದು, ಲೆನ್ಸ್ ಒಂದು. ದೀಪಗಳು ಇಲ್ಲ ಅನ್ನುವಷ್ಟು ಕಮ್ಮಿ. ಕಿಟಕಿಯ ಬೆಳಕನ್ನೇ ಥರ್ಮೋಕೋಲ್ ಹಾಳೆಯಿಂದ ತಿರುಗಿಸಿ ಮುಖಕ್ಕೆ ಬಿಡುತ್ತಿದ್ದೆವು. ರಾತ್ರಿ ದೃಶ್ಯಗಳನ್ನೂ ಹಗಲೇ ತೆಗೆಯಬೇಕಿತ್ತು. ಕಿಟಕಿಗಳಿಗೆ ಕಪ್ಪು ಟಾರ್ಪಾಲು ಹೊದಿಸಿ, ಹೆಂಚಿನ ಸಂದಿಗಳಿಗೆ ಬಟ್ಟೆ ತುರುಕಿ, ಒಂದು ಮೂಲೆಯಲ್ಲಿ ಮಾತ್ರ ಅಂಗೈಯಗಲ ಬೆಳಕು ಬಿಡುವುದು. ಹೊರಗೆ ಸುಡುಬಿಸಿಲು, ಒಳಗೆ ಕತ್ತಲು. ಮೇಷ್ಟ್ರು ಬೆಳಗ್ಗೆ ಅರಸೀಕೆರೆಯಿಂದ ಬಸ್ಸಿನಲ್ಲಿ ಬಂದವರು ಸಂಜೆಯವರೆಗೆ ಆ ಕತ್ತಲಲ್ಲೇ ಇರುತ್ತಿದ್ದರು. ನಾವು ಉಳಿದವರು ಬೇಲೂರಿನ ಲಾಡ್ಜಿನಿಂದ ಒಂದು ವ್ಯಾನಿನಲ್ಲಿ ಬರುತ್ತಿದ್ದೆವು.

ಒಂದು ಕೋಣೆಯ ಶೂಟಿಂಗ್ ಮುಗಿದ ಮೇಲೆ ಆ ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿಕೊಳ್ಳುತ್ತೇವೆ. ಸಂಭಾಷಣೆಯ ತುಂಡುಗಳನ್ನು ಜೋಡಿಸುವಾಗ ನಡುವೆ ತುಂಬಲು ಅದು ಬೇಕು. ಎಲ್ಲರೂ ಇದ್ದಲ್ಲೇ ಅಲ್ಲಾಡದೆ ನಿಲ್ಲಬೇಕು, ಉಸಿರು ಕೂಡ ಜೋರಾಗಿ ಬಿಡಬಾರದು. ಎರಡನೇ ವಾರ ನಡುಮನೆಯ ಮೌನ ತೆಗೆಯುತ್ತಿದ್ದಾಗ ಶಬ್ದ ನೋಡಿಕೊಳ್ಳುತ್ತಿದ್ದ ಹುಡುಗಿ ಕಿವಿಯ ಹೆಡ್‌ಫೋನು ಒತ್ತಿ ಹಿಡಿದು ನನ್ನ ಕಡೆ ತಿರುಗಿದಳು. ಆಮೇಲೆ ನನಗೂ ಕೇಳಿಸಿದಳು. ಮೇಷ್ಟ್ರ ಅಂಗಿಯೊಳಗಿನ ಮೈಕು ಇನ್ನೂ ಓಡುತ್ತಿತ್ತು. ತುಟಿ ಅಲ್ಲಾಡದಷ್ಟು ಮೆಲ್ಲಗೆ ಅವರು ಯಾರಿಗೋ ಹೇಳುತ್ತಿದ್ದರು:

"ಶ್... ಸುಮ್ಕಿರು ಮಗಾ. ರೆಕಾರ್ಡ್ ಆಯ್ತಾ ಐತೆ."

ನಾನು ಕೇಳಿದೆ, ಯಾರಿಗೆ ಹೇಳಿದಿರಿ ಅಂತ. ಅವರು ಒಂದು ಕ್ಷಣ ನನ್ನನ್ನೇ ನೋಡಿದರು. "ಮಕ್ಕಳು ಓಡಾಡ್ತಿದ್ವಲ್ಲ, ಅವಕ್ಕೆ."

"ಇಲ್ಲಿ ಮಕ್ಕಳಿಲ್ಲ ಮೇಷ್ಟ್ರೇ."

"ಹೌದಾ?" ಅಂದರು. ಆಮೇಲೆ ನಗುತ್ತಾ, "ಪಾರ್ಟು ಮೈಮೇಲೆ ಬಂದೈತೆ ಕಣಮ್ಮ," ಅಂದರು. ನಟರು ಹಾಗೆ ಹೇಳುವುದು ಕೇಳಿದ್ದೇವೆ. ನಂಬಿದೆವು.

ಆದರೆ ಊಟದ ಹೊತ್ತಿಗೆ ಅವರು ಎಲೆಯ ಪಕ್ಕ ಎರಡು ಹಿಡಿ ಅನ್ನ ಬೇರೆ ತೆಗೆದಿಡಲು ಶುರು ಮಾಡಿದರು. ಮನೆಯ ಯಜಮಾನತಿ ನೀರು ಕೊಡಲು ಬಂದಾಗ ಅದನ್ನು ನೋಡಿದಳು.

"ಅದ್ಯಾರಿಗೆ ಸ್ವಾಮಿ?"

"ಆ ಗುಂಡು ತಲೆ ಹುಡುಗಿಗೆ. ಅದರ ಜೊತೆ ಇನ್ನೊಂದು ಚಿಕ್ಕದೈತಲ್ಲ, ಅದಕ್ಕೆ."

ಆಕೆ ಚೊಂಬು ಅಲ್ಲೇ ಇಟ್ಟು ಹೋದಳು. ನಾನು ಹಿಂದೆ ಹೋದೆ. ತಾರಸಿ ಮನೆಯ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. "ನಮ್ಮತ್ತೆಗೆ ಮೊದ್ಲು ಒಂದು ಹೆಣ್ಮಗ ಆಗಿತ್ತಂತೆ ಕಣಮ್ಮ. ಮೈಮೇಲೆ ಅಮ್ಮ ಎದ್ದು ತೀರ್ಹೋಯ್ತಂತೆ. ಆ ಮನೇಲೇ. ಇವರಿಗ್ಯಾರು ಹೇಳಿದ್ರು ಅದನ್ನ?"

ಯಾರೂ ಹೇಳಿರಲಿಲ್ಲ. ಆಮೇಲೆ ಆ ರಸ್ತೆಯ ಬೇರೆ ಮನೆಗಳಲ್ಲೂ ಮಾತು ತೆಗೆದು ನೋಡಿದೆ. ಎರಡು ತಲೆಮಾರು ಹಿಂದಕ್ಕೆ ಹೋದರೆ ಸಿಡುಬಿಗೋ ಜ್ವರಕ್ಕೋ ಮಗು ಹೋಗದ ಮನೆಯೇ ಅಲ್ಲಿ ಇರಲಿಲ್ಲ. ಹಾಗಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೂ ಆ ಕತ್ತಲ ನಡುಮನೆಗೆ ಒಬ್ಬಳೇ ಹೋಗಬೇಕಾದಾಗ ಕಾಲು ಹಿಂದೆಗೆಯುತ್ತಿತ್ತು. ಶಬ್ದದ ಹುಡುಗಿಯಂತೂ ಟಾರ್ಪಾಲು ಬಿಚ್ಚುವ ತನಕ ಒಳಗೆ ಕಾಲಿಡುತ್ತಿರಲಿಲ್ಲ.

ಮೇಷ್ಟ್ರ ಕೆಲಸ ದಿನಕ್ಕೊಂದು ಥರ ಆಗತೊಡಗಿತು. ಒಂದು ದಿನ ಪುಟಗಟ್ಟಲೆ ಮಾತನ್ನು ಒಂದೇ ಟೇಕಿನಲ್ಲಿ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ ಹೇಳಿ ಮುಗಿಸುವರು. ಮರುದಿನ ಎರಡು ಸಾಲು ಬರುವುದಿಲ್ಲ. ಅಂಗಿಯ ಗುಂಡಿ ಹಾಕುವುದು ಹೇಗೆಂದು ಕೈ ಮರೆತಂತೆ ನಿಲ್ಲುವರು. ನಡಿಗೆ ಚಿಕ್ಕ ಚಿಕ್ಕ ಹೆಜ್ಜೆಗೆ ಇಳಿದಿತ್ತು, ಬಲಗೈ ಸಣ್ಣಗೆ ನಡುಗುತ್ತಿತ್ತು. ಪಾತ್ರಕ್ಕೆ ಅದು ಎಷ್ಟು ಹೊಂದುತ್ತಿತ್ತೆಂದರೆ, ಬೇಕೆಂದೇ ಮಾಡುತ್ತಿದ್ದಾರೆ ಅಂತ ಅಂದುಕೊಂಡೆವು. ವಯಸ್ಸು, ಸೆಕೆ, ದಿನಾ ಬಸ್ ಪ್ರಯಾಣ ಅಂತ ಅವರಿಗೆ ನಡುವೆ ಒಂದೊಂದು ದಿನ ರಜೆ ಕೊಟ್ಟು ಸೊಸೆಯ ದೃಶ್ಯಗಳನ್ನು ಮುಗಿಸಿಕೊಂಡೆವು.

ಮೇಷ್ಟ್ರಿಗೆ ಕಾಣುವ ಮಕ್ಕಳ ಸುದ್ದಿ ನಿರ್ಮಾಪಕರ ಕಿವಿಗೆ ಬಿತ್ತು. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡವರು, ಸಿನಿಮಾ ಹುಚ್ಚಿನವರು, ಒಳ್ಳೆಯವರೇ. ಒಂದು ಮಧ್ಯಾಹ್ನ ಲೊಕೇಶನ್ನಿಗೆ ಬಂದು, ಮೇಷ್ಟ್ರು ಅನ್ನ ತೆಗೆದಿಟ್ಟು ಖಾಲಿ ಮೂಲೆಯ ಜೊತೆ ಮಾತಾಡುವುದನ್ನು ದೂರ ನಿಂತು ಮೊಬೈಲಿನಲ್ಲಿ ತೆಗೆದುಕೊಂಡರು.

"ಇದೇ ಕಣ್ರೀ ಪಬ್ಲಿಸಿಟಿ," ಅಂದರು. "ಶೂಟಿಂಗ್ ಮನೇಲಿ ನಿಜವಾಗ್ಲೂ ದೆವ್ವ ಅಂತ ಬಿಡೋಣ. ನಮ್ಮಂಥ ಚಿಕ್ಕ ಪಿಕ್ಚರ್‌ಗೆ ಇನ್ನೇನಿದೆ?"

"ಈಗ ಬೇಡ ಸಾರ್," ಅಂದೆ. "ಸಿನಿಮಾ ಮುಗೀಲಿ." ಅವರು ತಲೆಯಾಡಿಸಿ ಹೋದರು.

ಅಟ್ಟದ ಶಾಟು ಕೊನೆಯ ವಾರಕ್ಕೆ ಇಟ್ಟುಕೊಂಡಿದ್ದೆವು. ವ್ಯಾಪಾರಿ ಏಣಿ ಹತ್ತಿ, ಕಾಯಿಗಳ ಮೇಲೆ ತೆವಳಿಕೊಂಡು ಹೆಂಡತಿಯನ್ನು ಹುಡುಕುವುದು. ಅಟ್ಟದ ಅರ್ಧಕ್ಕೆ ಗಟ್ಟಿ ಹಲಗೆ ಇತ್ತು, ಉಳಿದರ್ಧಕ್ಕೆ ಗೆದ್ದಲು ಹಿಡಿದ ಹಳೇ ಹಲಗೆ. ನಾವು ಗಟ್ಟಿ ಹಲಗೆಯ ಅಂಚಿಗೆ ದಪ್ಪನೆಯ ಹಗ್ಗ ಅಡ್ಡ ಹಾಕಿ, ಮೇಷ್ಟ್ರಿಗೆ ಕೈ ಮುಟ್ಟಿಸಿ ತೋರಿಸಿದ್ದೆವು. ಇಲ್ಲಿಗೆ ಬಂದು ನಿಲ್ಲಬೇಕು, ತಿರುಗಿ ಕ್ಯಾಮೆರಾ ಕಡೆ ನೋಡಬೇಕು, ಅಷ್ಟೇ. ಕ್ಯಾಮೆರಾಮನ್ ಮೇಲೆ ಒಂದು ತೊಲೆಗೆ ಬೆನ್ನು ಕೊಟ್ಟು ಕೂತ. ನಾನು ಏಣಿಯ ಮೇಲ್ಗಡೆ ಮೆಟ್ಟಿಲಲ್ಲಿ. ಉಳಿದವರು ಕೆಳಗೆ, ಮಾನಿಟರಿನ ಮುಂದೆ.

ಮೇಷ್ಟ್ರು ಹತ್ತಿದರು, ತೆವಳಿದರು. ಮೊಣಕಾಲು ತಗುಲಿದಲ್ಲೆಲ್ಲ ಕಾಯಿ ಉರುಳಿ ಗುಡುಗುಡು ಅಂದಿತು. ಹಗ್ಗದ ಹತ್ತಿರ ಬಂದರು. ನಿಲ್ಲಲಿಲ್ಲ. ಹಗ್ಗ ಎತ್ತಿ ಅದರಡಿ ತಲೆ ತೂರಿಸಿದರು.

"ಕಟ್!" ಅಂದೆ. ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಕೂಗಿದೆ. ಹಳೇ ಹಲಗೆ ಲಟಕ್ ಅಂದಿತು. ನಾನು ಅಟ್ಟಕ್ಕೆ ಹತ್ತಿ ಕಾಯಿಗಳ ಮೇಲೆ ಬಿದ್ದುಕೊಂಡೇ ಹೋಗಿ ಅವರ ಕಾಲು ಹಿಡಿದೆ. ಅವರು ತಿರುಗಿ ನೋಡಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಯಾರಮ್ಮ ನೀನು? ಬಿಡು. ಆ ಮಗ ಬಿದ್ದೋಯ್ತದೆ, ಬಿಡು ನನ್ನ."

ನಾನು ಯಾರು ಅಂತ ಅವರಿಗೆ ಗೊತ್ತಿರಲಿಲ್ಲ. ನಟಿಸುವವರ ಕಣ್ಣಿನ ಹಿಂದೆ, ತಾನು ನಟಿಸುತ್ತಿದ್ದೇನೆ ಅಂತ ಗೊತ್ತಿರುವ ಒಬ್ಬ ಮನುಷ್ಯ ಇರುತ್ತಾನೆ. ಅಲ್ಲಿ ಅವನು ಇರಲಿಲ್ಲ. ನಾನೂ ಕ್ಯಾಮೆರಾಮನ್ನೂ ಸೇರಿ ಅವರನ್ನು ಹಿಂದಕ್ಕೆ ಎಳೆದುಕೊಂಡೆವು. ಒಂದೊಂದೇ ಮೆಟ್ಟಿಲು ಹಿಡಿದು ಇಳಿಸಿದೆವು.

ಕೆಳಗಿದ್ದವರಿಗೆ ಮಾನಿಟರಿನಲ್ಲಿ ಕಂಡದ್ದಷ್ಟೇ ಗೊತ್ತು. ಮೇಷ್ಟ್ರ ಕಾಲು ನೆಲ ಮುಟ್ಟಿದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕಿವಿಗೆ ಬಿದ್ದದ್ದೇ ಮೇಷ್ಟ್ರು, ಇನ್ನೂ ಅಳುತ್ತಲೇ, ಎರಡೂ ಕೈ ಜೋಡಿಸಿ ರಂಗದ ಮೇಲೆ ನಿಂತವರ ಹಾಗೆ ಬಾಗಿ ನಮಸ್ಕಾರ ಮಾಡಿದರು.

"ತಟ್ಟಬೇಡಿ," ಅಂತ ಕೂಗಿದೆ. "ಟಾರ್ಪಾಲು ತೆಗೀರಿ. ಎಲ್ಲಾ ತೆಗೀರಿ."

ಅವರ ಮಗಳಿಗೆ ಫೋನ್ ಮಾಡಿದೆ. ಆಕೆ ಅರಸೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಳು. ತಂದೆ ಅವಳ ಜೊತೆಯಲ್ಲೇ ಇದ್ದದ್ದು. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದಳು. ನಮ್ಮ ವ್ಯಾನಿನಲ್ಲೇ ಹಾಸನದ ಆಸ್ಪತ್ರೆಗೆ ಹೋದೆವು. ದಾರಿಯಲ್ಲಿ ಮೇಷ್ಟ್ರು ಸರಿಯಾಗಿಬಿಟ್ಟರು. ಬಿಟ್ಟುಹೋದ ಮಾತು ಯಾವುದು, ನಾಳೆ ಬೆಳಗ್ಗೆ ಇನ್ನೊಂದು ಟೇಕು ಮಾಡೋಣವಾ ಅಂತ ಕೇಳುತ್ತಿದ್ದರು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಮಗಳನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದರು. ಮಿದುಳಿನ ಕಾಯಿಲೆ. ಮರೆವಿನ ಕಾಯಿಲೆಗಳಲ್ಲೇ ಒಂದು ಬಗೆ. ನಡಿಗೆ ನಿಧಾನ ಆಗುತ್ತದೆ, ಕೈ ನಡುಗುತ್ತದೆ, ಒಂದು ದಿನ ಚೆನ್ನಾಗಿ ಇನ್ನೊಂದು ದಿನ ಮಂಕಾಗಿ ಇರುತ್ತಾರೆ. ಇಲ್ಲದವರು ಕಣ್ಣಿಗೆ ಕಾಣುತ್ತಾರೆ. ಮಕ್ಕಳು, ಬೆಕ್ಕು ನಾಯಿ ಇಂಥವೇ ಹೆಚ್ಚು. ಕಮ್ಮಿ ಮಾಡಲು ಔಷಧ ಇದೆ, ವಾಸಿ ಮಾಡಲು ಇಲ್ಲ.

"ಮನೇಲಿ ಬೆಕ್ಕು ಬಂತು ಬೆಕ್ಕು ಬಂತು ಅನ್ನೋರು," ಅಂದಳು ಮಗಳು. "ಕಣ್ಣಿಗೆ ಪೊರೆ ಬಂದದೆ ಅಂದ್ಕೊಂಡಿದ್ದೆ."

"ಮಬ್ಬು ಬೆಳಕಲ್ಲಿ ಜಾಸ್ತಿ ಆಗುತ್ತೆ," ಅಂದರು ಡಾಕ್ಟರು. "ಅವರು ಇರೋ ಜಾಗದಲ್ಲಿ ಬೆಳಕು ಚೆನ್ನಾಗಿದೆಯಾ?"

ಮಗಳು ನನ್ನ ಕಡೆ ನೋಡಿದಳು. ನಾನು ನಮ್ಮ ಟಾರ್ಪಾಲಿನ ವಿಷಯ ಹೇಳಿದೆ.

ಮೇಷ್ಟ್ರನ್ನು ಇನ್ನು ಆ ಮನೆಯೊಳಕ್ಕೆ ಕರೆತರುವುದಿಲ್ಲ ಅಂತ ನಿರ್ಧಾರ ಮಾಡಲು ನನಗೆ ಹೊತ್ತು ಹಿಡಿಯಲಿಲ್ಲ. ಸಿನಿಮಾವನ್ನು ಏನು ಮಾಡುವುದು ಅನ್ನುವುದು ಕಷ್ಟವಾಯಿತು. ಮುಕ್ಕಾಲು ಪಾಲು ಮುಗಿದಿತ್ತು. ಬೇಲೂರಿನ ಲಾಡ್ಜಿನಲ್ಲಿ ಕೂತು ಉಳಿದ ದೃಶ್ಯಗಳನ್ನೆಲ್ಲ ಹರಡಿಕೊಂಡು ಕ್ಯಾಮೆರಾಮನ್ ಜೊತೆ ವಾದ ಮಾಡಿದೆ. ಕೊನೆಯ ಭಾಗದಲ್ಲಿ ವ್ಯಾಪಾರಿ ಕಾಣುವುದೇ ಬೇಡ, ಅವನು ನೋಡುವ ಕೋಣೆಗಳಷ್ಟೇ ಕಾಣಲಿ, ಕ್ಯಾಮೆರಾವೇ ಅವನ ಎತ್ತರದಲ್ಲಿ ಅವನ ಹೆಜ್ಜೆಯಲ್ಲಿ ನಡೆಯಲಿ ಅಂತ ನಾನು ಹೇಳಿದೆ. ಅದಕ್ಕೆ ಅವನು ಒಪ್ಪಿದ.

"ಅಟ್ಟದ ಶಾಟು ಇಟ್ಕೋತೀವಿ ತಾನೆ?" ಅಂದ. "ಅದು ಬಿಟ್ರೆ ಪಿಕ್ಚರ್ ಏನಿದೆ ಮೇಡಂ? ಅಂಥ ಶಾಟು ಜೀವಮಾನಕ್ಕೆ ಒಂದು ಸಿಕ್ಕರೆ ಹೆಚ್ಚು."

ಅವನು ಹೇಳಿದ್ದು ಸುಳ್ಳಲ್ಲ.

ಮರುದಿನ ಅರಸೀಕೆರೆಗೆ ಹೋಗಿ ಮೇಷ್ಟ್ರಿಗೆ ಹೇಳಿದೆ. ನಿಮ್ಮ ಭಾಗ ಇಷ್ಟಕ್ಕೇ ಮುಗಿಸುತ್ತಿದ್ದೇವೆ, ಆರೋಗ್ಯ ನೋಡಿಕೊಳ್ಳಿ ಅಂತ. ಸಮಾಧಾನವಾಗಿ ಕೇಳಿಸಿಕೊಂಡರು. "ನಿಮಗೆ ಹೆಂಗೆ ಅನುಕೂಲವೋ ಹಂಗೆ," ಅಂದರು. ಅದಾದ ಎರಡು ದಿನಕ್ಕೆ, ನಾವು ಖಾಲಿ ನಡುಮನೆಯಲ್ಲಿ ಕ್ಯಾಮೆರಾ ಇಡುತ್ತಿದ್ದಾಗ, ಜಾವಗಲ್ ಕಡೆಯ ಬಸ್ಸು ನಿಂತು ಮೇಷ್ಟ್ರು ಇಳಿದರು. ವ್ಯಾಪಾರಿಯ ಪಂಚೆ, ಅಂಗಿ. ಮುಖಕ್ಕೆ ಮನೆಯಲ್ಲೇ ಪೌಡರು ಹಚ್ಚಿಕೊಂಡು, ಹುಬ್ಬು ತೀಡಿಕೊಂಡು ಬಂದಿದ್ದರು.

"ಲೇಟಾಯ್ತೇನೋ," ಅಂದರು. "ಬಸ್ಸು ಸಿಗಲಿಲ್ಲ."

ಜಗಲಿಯ ಮೇಲೆ ಕೂರಿಸಿ ಇನ್ನೊಂದು ಸಲ ಹೇಳಿದೆ. ಅವರಿಗೆ ಅದು ಮೊದಲ ಸಲ. ಪೌಡರು ಹಚ್ಚಿದ ಮುಖದಲ್ಲಿ ಏನೋ ಇಳಿದುಹೋದದ್ದು ಕಂಡಿತು.

"ಯಾಕಮ್ಮ? ನಾನು ಚೆನ್ನಾಗಿ ಮಾಡ್ಲಿಲ್ವಾ?"

"ಚೆನ್ನಾಗಿ ಮಾಡಿದ್ರಿ ಮೇಷ್ಟ್ರೇ."

"ಮತ್ತೆ?"

ಮತ್ತೆ ಅನ್ನುವುದಕ್ಕೆ ನನ್ನ ಹತ್ತಿರ ಇದ್ದದ್ದು ಡಾಕ್ಟರ ಮಾತು ಮಾತ್ರ. ಅದನ್ನು ಅವರಿಗೆ ಮಗಳು ಹೇಳಿದ್ದಳು, ನಾನೂ ಹೇಳಿದ್ದೆ, ಅವರಿಗೆ ನೆನಪಿರಲಿಲ್ಲ. ಮತ್ತೆ ಹೇಳುವ ಬದಲು, "ಒಂದು ಶಾಟು ಬಾಕಿ ಇದೆ, ಹೊರಗಡೆ ತೆಗೀಬೇಕು," ಅಂದೆ. ಕ್ಯಾಮೆರಾಮನ್ ನನ್ನ ಮುಖ ನೋಡಿದ. ಅಂಥ ಶಾಟು ಯಾವುದೂ ಬರೆದಿರಲಿಲ್ಲ. ಮಗಳಿಗೆ ಫೋನ್ ಮಾಡಿ ಹಳೇಬೀಡಿಗೇ ಬರಲು ಹೇಳಿ, ಮೇಷ್ಟ್ರನ್ನು ಅಲ್ಲಿನ ಕೆರೆ ಏರಿಗೆ ಕರೆದುಕೊಂಡು ಹೋದೆವು. ಬೆಳಗಿನ ಬಿಸಿಲು ನೀರಿನ ಮೇಲೆಲ್ಲ ಚೆಲ್ಲಿತ್ತು. ಎಲ್ಲೂ ಒಂದು ನೆರಳಿರಲಿಲ್ಲ.

"ನಾನು ಏನು ಮಾಡ್ಬೇಕು?" ಅಂತ ಕೇಳಿದರು.

"ಏನೂ ಬೇಡ. ಆ ಕಡೆಯಿಂದ ಈ ಕಡೆಗೆ ನಡೆದು ಬನ್ನಿ."

"ಏನೂ ಮಾಡ್ದೆ ನಡೆಯೋದು ಕಷ್ಟ ಕಣಮ್ಮ," ಅಂದರು. ಆದರೂ ನಡೆದರು. ಚಿಕ್ಕ ಚಿಕ್ಕ ಹೆಜ್ಜೆ, ಬೆನ್ನು ನೆಟ್ಟಗೆ. ಅರ್ಧ ದಾರಿಯಲ್ಲಿ ನಿಂತು ಕೆರೆಯ ಕಡೆ ತಿರುಗಿ, ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿ, ಮತ್ತೆ ಮುಂದಕ್ಕೆ ಬಂದರು. ಆ ನಿಲ್ಲುವುದನ್ನು ಅವರೇ ಸೇರಿಸಿದ್ದು. "ಕಟ್" ಅಂದ ಕೂಡಲೇ ನನ್ನ ಕಡೆ ನೋಡಿ, "ನಿಂತಿದ್ದು ಜಾಸ್ತಿ ಆಯ್ತಾ?" ಅಂದರು. ಸರಿಯಾಗಿತ್ತು ಅಂದೆ. ನಮ್ಮ ಸಿನಿಮಾ ಶುರುವಾಗುವುದು ಆ ಶಾಟಿನಿಂದಲೇ. ಮಗಳು ಬಂದು ಅವರನ್ನು ಕರೆದುಕೊಂಡು ಹೋಗುವಾಗ ಮುಖದ ಪೌಡರನ್ನು ತನ್ನ ಸೆರಗಿನಿಂದ ಒರೆಸಿದಳು.

ಹೊರಡುವ ಮುಂಚೆ ಆಕೆ ನನ್ನ ಹತ್ತಿರ ಬಂದು ಒಂದು ಮಾತು ಹೇಳಿದಳು. "ಅಪ್ಪ ಮಾಡಿದ್ದನ್ನ ಇಟ್ಕೊಳ್ಳಿ ಮೇಡಂ. ಅಪ್ಪಂಗೆ ಆದದ್ದನ್ನ ತೆಗೆದಾಕಿ."

ಎಡಿಟಿಂಗಿಗೆ ಕೂತಾಗ ಆ ಮಾತಿನ ಕಷ್ಟ ಗೊತ್ತಾಯಿತು. ಯಾವುದು ಅವರು ಮಾಡಿದ್ದು, ಯಾವುದು ಅವರಿಗೆ ಆದದ್ದು? ಒಂದೊಂದು ಶಾಟನ್ನೂ ಹಿಂದೆ ಮುಂದೆ ಓಡಿಸಿ ನೋಡಿದೆ. ಕೈ ನಡುಗುವುದು ಎಲ್ಲದರಲ್ಲೂ ಇದೆ. ಕಣ್ಣು ಖಾಲಿ ಜಾಗಕ್ಕೆ ಹೋಗುವುದು ಎಲ್ಲದರಲ್ಲೂ ಇದೆ. ಹುಚ್ಚು ಅಂದರೆ ಹುಚ್ಚು, ದೆವ್ವ ಅಂದರೆ ದೆವ್ವ ಅನ್ನುವ ನಮ್ಮ ನಿಯಮದಲ್ಲಿ ಕಾಯಿಲೆ ಅನ್ನುವ ಮೂರನೆಯದಕ್ಕೆ ಜಾಗವೇ ಇರಲಿಲ್ಲ. ಕೊನೆಗೆ ಮೇಷ್ಟ್ರನ್ನೇ ಕೇಳಬೇಕು ಅನ್ನಿಸಿತು.

ಆ ಹೊತ್ತಿಗೆ ಇನ್ನೊಂದು ನಡೆದುಹೋಗಿತ್ತು. ನಿರ್ಮಾಪಕರು ಮೊಬೈಲಿನಲ್ಲಿ ತೆಗೆದಿದ್ದ ಆ ವಿಡಿಯೋವನ್ನು ಹೊರಗೆ ಬಿಟ್ಟಿದ್ದರು. ಅದು ಊರೂರು ಸುತ್ತುತ್ತಿತ್ತು. ಜಗಳವಾಡುವುದಕ್ಕೇ ಅವರ ಮಂಡಿಗೆ ಹೋದೆ. "ನಮ್ಮ ಮೇಷ್ಟ್ರಿಗೆ ಕೆಟ್ಟದ್ದಾಗ್ಲಿ ಅಂತ ಬಿಟ್ನಾ ನಾನು?" ಅಂದರು. "ಜನ ಮಾತಾಡ್ತಿದಾರೆ, ಒಳ್ಳೇದಲ್ವಾ?" ನನ್ನ ಜೊತೆ ಒಂದು ಸಲ ಮೇಷ್ಟ್ರ ಹತ್ತಿರ ಬನ್ನಿ, ಆಮೇಲೆ ಮಾತಾಡೋಣ ಅಂತ ಲ್ಯಾಪ್‌ಟಾಪು ಹಿಡಿದುಕೊಂಡು ಹೊರಟೆ. ಬಂದರು.

ಟೈಲರಿಂಗ್ ಅಂಗಡಿಯ ಮುಂದೆ ಒಬ್ಬಳು ಹೆಂಗಸು ನಿಂತಿದ್ದಳು. ಬಿಕ್ಕೋಡು ಕಡೆಯ ಕಾಫಿ ತೋಟದಲ್ಲಿ ಕೆಲಸ ಮಾಡುವವಳು. ಬಸ್ಸು ಬದಲಾಯಿಸಿಕೊಂಡು ಬಂದಿದ್ದಳು. ಮೇಷ್ಟ್ರು ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು.

"ನಿಮಗೆ ಹೋದೋರು ಕಾಣ್ತಾರಂತಲ್ಲ ಸ್ವಾಮಿ," ಅನ್ನುತ್ತಿದ್ದಳು. "ನನ್ನ ಪಕ್ಕದಾಗೆ ಏನಾರ ಕಾಣ್ತದಾ ನೋಡಿ. ಬಿಳಿ ಷರ್ಟು. ಇಷ್ಟುದ್ದ." ತನ್ನ ಸೊಂಟದ ಎತ್ತರಕ್ಕೆ ಕೈ ಹಿಡಿದಳು.

ಮಗಳು ಮಿಷಿನ್ನಿನಿಂದ ಎದ್ದು ಬಂದು, "ಅಪ್ಪಂಗೆ ಹುಷಾರಿಲ್ಲಮ್ಮ, ಹೋಗು," ಅಂದಳು. ಆಕೆ ಅಲುಗಲಿಲ್ಲ. ಮೇಷ್ಟ್ರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಅವಳ ಎಡಗಡೆ ನೋಡಿದರು, ಬಲಗಡೆ ನೋಡಿದರು. ತುಂಬ ಹೊತ್ತು ನೋಡಿದರು.

"ಇಲ್ಲ ತಾಯಿ. ಯಾರೂ ಇಲ್ಲ."

"ಸರಿಯಾಗಿ ನೋಡಿ ಸ್ವಾಮಿ."

"ಯಾರೂ ಇಲ್ಲ ತಾಯಿ."

ಆಕೆ ಮೆಟ್ಟಿಲ ಮೇಲೆ ಕುಕ್ಕರಿಸಿದಳು. ಅಳಲಿಲ್ಲ. ಮಗಳು ಕೊಟ್ಟ ನೀರು ಕುಡಿದು, ಬಸ್ ಸ್ಟ್ಯಾಂಡಿನ ಕಡೆ ಹೋದಳು. ದಿನಾ ಯಾರಾದರೂ ಬರುತ್ತಾರೆ ಅಂತ ಮಗಳು ಹೇಳಿದಳು. ನಮ್ಮ ಮನೆಯಲ್ಲಿ ಯಾವ ದೆವ್ವ ಇದೆ ಬಂದು ನೋಡಿ ಅಂತ ಜೀಪು ತಂದವರೂ ಇದ್ದಾರಂತೆ. ನಿರ್ಮಾಪಕರು ಬಟ್ಟೆ ಕತ್ತರಿಸುವ ಮೇಜಿನ ಪಕ್ಕಕ್ಕೆ ಸರಿದು ನಿಂತುಕೊಂಡರು.

ಅವತ್ತು ಮೇಷ್ಟ್ರಿಗೆ ಒಳ್ಳೆಯ ದಿನ. ನನ್ನ ಗುರುತು ಹಿಡಿದರು. ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಇಟ್ಟು ಊಟದ ಶಾಟು ತೋರಿಸಿದೆ.

"ಇದು ನಂದು," ಅಂದರು ತಕ್ಷಣ. "ನೋಡಿ, ತುತ್ತು ಅರ್ಧಕ್ಕೆ ನಿಲ್ಸಿದ್ದೀನಿ. ಬಾಯಿಗೂ ಹೋಗಬಾರದು, ಎಲೆಗೂ ಬೀಳಬಾರದು."

"ಆಗ ಗೋಡೆ ಹತ್ರ ಯಾರಾದ್ರೂ ಇದ್ರಾ ಮೇಷ್ಟ್ರೇ?"

"ಇದ್ವು. ಇದ್ರೆ ಏನಂತೆ? ನಾನು ಪಾರ್ಟು ಬಿಟ್ಟಿಲ್ವಲ್ಲ."

ಒಂದೊಂದಾಗಿ ತೋರಿಸಿದೆ. ಕೆಲವಕ್ಕೆ ತಲೆಯಾಡಿಸಿದರು, ಕೆಲವಕ್ಕೆ ಮುಖ ಗಂಟಿಕ್ಕಿ "ಇದು ಬೇಡ, ಇಲ್ಲಿ ಮಾತು ಮರೆತು ನಿಂತಿದ್ದೀನಿ, ಯೋಚ್ನೆ ಮಾಡ್ತಿಲ್ಲ," ಅಂದರು. ನನಗೆ ಅತ್ಯುತ್ತಮ ಅನ್ನಿಸಿದ ಎರಡು ಶಾಟು ಹಾಗೆ ಹೋದವು. ಕೊನೆಯಲ್ಲಿ ಅಟ್ಟದ್ದು ಹಾಕಿದೆ. ಮಗಳು ತಿರುಗಿ ನಿಂತಳು. ಮೇಷ್ಟ್ರು ಪರದೆಯ ಹತ್ತಿರಕ್ಕೆ ಮುಖ ತಂದರು. ಹಗ್ಗದಡಿ ತೂರುವುದು, ಹಲಗೆಯ ಸದ್ದು, ಅಳು. ಮುಗಿದ ಮೇಲೆ ಇನ್ನೊಂದು ಸಲ ಹಾಕಿ ಅಂದರು. ಹಾಕಿದೆ.

"ಮಗ ಎಲ್ಲಿ?" ಅಂದರು.

"ಯಾವ ಮಗು ಮೇಷ್ಟ್ರೇ?"

"ಮುಂದೆ ಹೋಗ್ತಿತ್ತಲ್ಲ. ಕ್ಯಾಮೆರಾ ಸ್ವಲ್ಪ ಎಡಕ್ಕೆ ಇಡಬೇಕಿತ್ತು ನೋಡಿ. ಬರೀ ನನ್ನ ಮುಖ ತೆಗೆದವ್ರೆ. ಮಗ ಕಾಣ್ದೆ ಇದ್ರೆ ನಾನ್ಯಾಕೆ ಅಳ್ತಿದ್ದೀನಿ ಅಂತ ನೋಡೋರಿಗೆ ಹೆಂಗೆ ಗೊತ್ತಾಗ್ತದೆ?"

"ಇಲ್ಲಿ ಪಾರ್ಟು..." ಅಂತ ನಾನು ಶುರು ಮಾಡಿದೆ.

"ಯಾವ ಪಾರ್ಟು?" ಅಂದರು ಗದರುವ ದನಿಯಲ್ಲಿ. "ಮಗ ಬೀಳ್ತಿತ್ತಲ್ಲಮ್ಮ."

ಲ್ಯಾಪ್‌ಟಾಪು ಮುಚ್ಚಿದೆ. ನಿರ್ಮಾಪಕರು ಹೊರಗೆ ಹೋಗಿ ಮೊಬೈಲಿನಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದದ್ದು ಕೇಳಿಸಿತು. "ತೆಗೀರಿ ಅಂದ್ರೆ ತೆಗೀರಿ ರೀ. ಈಗಲೇ." ಅವರು ಹಾಕಿದ್ದ ವಿಡಿಯೋ ಅವತ್ತೇ ಅಳಿಸಿಹೋಯಿತು. ಅಷ್ಟರಲ್ಲಿ ಎಷ್ಟು ಜನ ಇಳಿಸಿಕೊಂಡು ಇಟ್ಟುಕೊಂಡಿದ್ದರೋ, ಅದು ಇವತ್ತಿಗೂ ಅಲ್ಲಲ್ಲಿ ತಲೆಯೆತ್ತುತ್ತದೆ. ಮಗಳು ಮೇಷ್ಟ್ರ ಕುರ್ಚಿಯನ್ನು ಬಾಗಿಲಿಂದ ಒಳಗಡೆಗೆ, ಟ್ಯೂಬ್‌ಲೈಟಿನ ಕೆಳಕ್ಕೆ ಎಳೆದುಕೊಂಡಳು.

ಅಟ್ಟದ ಶಾಟನ್ನು ಸಿನಿಮಾದಿಂದ ತೆಗೆದುಹಾಕಿದೆ. ಕ್ಯಾಮೆರಾಮನ್ ಕೆಲವು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಖಾಲಿ ಕೋಣೆಗಳಿಂದ ಸಿನಿಮಾ ಮುಗಿಸಿದೆವು. ಸಣ್ಣ ಮಟ್ಟದಲ್ಲಿ ಬಿಡುಗಡೆಯಾಯಿತು. ಮುದುಕ ಮಾಯವಾದ ಮೇಲೆ ಹೆದರಿಕೆ ಸಾಲದು ಅಂದರು ನೋಡಿದವರು. ನಿಜವೇ. ಆಮೇಲೆ ನಾನು ಆ ಬಗೆಯ ಸಿನಿಮಾ ಮಾಡಿಲ್ಲ. ಮಾಡಬಾರದು ಅಂತಲ್ಲ. ಕತ್ತಲು ಹೊದಿಸಿದ ಕೋಣೆಯಲ್ಲಿ ನಟನೊಬ್ಬ ಖಾಲಿ ಮೂಲೆಯ ಕಡೆ ಕಣ್ಣು ನೆಟ್ಟರೆ ಕಟ್ ಹೇಳಿ ಹುಷಾರಾಗಿದ್ದೀರಾ ಅಂತ ಕೇಳುವ ಹಾಗಾಗಿದೆ. ಹಾಗೆ ಕೇಳುತ್ತಾ ಕೆಲಸ ಸಾಗುವುದಿಲ್ಲ.

ಕಳೆದ ಬಾರಿ ಅರಸೀಕೆರೆಗೆ ಹೋದಾಗ ಮೇಷ್ಟ್ರನ್ನು ನೋಡಲು ಮನೆಗೆ ಹೋದೆ. ತುಂಬ ಇಳಿದುಹೋಗಿದ್ದರು. ಕುತ್ತಿಗೆ ಒಂದು ಕಡೆ ವಾಲಿತ್ತು. ಕಿಟಕಿಗಳಿಗೆ ಪರದೆ ಇರಲಿಲ್ಲ, ಕೋಣೆಯ ತುಂಬ ಬೆಳಕು. ನಾನು ಬಾಗಿಲಲ್ಲಿ ನಿಂತು ನಮಸ್ಕಾರ ಮೇಷ್ಟ್ರೇ ಅಂದೆ. ಅವರು ನನ್ನನ್ನು ನೋಡಿದರು. ಅಳೆದು ನೋಡುವ ಹಾಗೆ ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಮಗಳ ಕೈ ಮುಟ್ಟಿ, ನನಗೆ ಕೇಳಿಸಬಾರದು ಅನ್ನುವಂತೆ ದನಿ ತಗ್ಗಿಸಿ ಕೇಳಿದರು:

"ಬಾಗ್ಲಲ್ಲಿ ಒಬ್ರು ನಿಂತವ್ರೆ. ನಿಂಗೂ ಕಾಣ್ತಾರಾ?"

"ಕಾಣ್ತಾರಪ್ಪ," ಅಂದಳು ಮಗಳು.

ಅವರ ಭುಜ ಸಡಿಲಾಯಿತು.

"ಮತ್ತೆ ಒಳಕ್ಕೆ ಕರಿ," ಅಂದರು. "ಕಾಫಿ ಕೊಡು. ಪಾಪ, ಆವಾಗಿಂದ ನಿಂತೇ ಅವ್ರೆ."